ಮರಳಿಗೆ ಇಳಿಯುವ ಮುನ್ನ ಗಾಳಿಯ ದಾರಿ ನೋಡಿ

ಪ್ರಶ್ನೆ: ನಾನು ಪುಣೆಯ ವಾಕಡ್‌ನಲ್ಲಿರುತ್ತೇನೆ, ಕೆಲಸ ಚಾಕಣ್‌ನಲ್ಲಿ, ಊರು ಗದಗ. ವಾಸ್ಕೋದಲ್ಲಿ ನಮ್ಮ ಸೋದರಮಾವನ ಶೆಡ್‌ನಲ್ಲಿ ಒಂದು ಹಳೆಯ ಯಮಹಾ ಬ್ಯಾನ್ಶೀ 350 ಎಟಿವಿ (ಮಣ್ಣು, ಮರಳಿನಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಬಿದ್ದಿತ್ತು. ಟೂ ಸ್ಟ್ರೋಕ್ ಗಾಡಿ. ಕಳೆದ ವರ್ಷ ಅದನ್ನು ಪುಣೆಗೆ ತಂದೆ. ಮುಳಶಿ ಕಡೆ ಗೆಳೆಯನ ತೋಟದಲ್ಲಿ ಭಾನುವಾರ ಓಡಿಸುತ್ತೇನೆ. ಮೂರನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ, ಪಿಕಪ್ ಚೆನ್ನಾಗಿದೆ. ಎಕ್ಸಲರೇಟರ್ ಬಿಟ್ಟ ಮೇಲೆ ಎಂಜಿನ್ ಸದ್ದು ಇಳಿಯಲು ಎರಡು ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟು ಬಿಟ್ಟರೆ ತೊಂದರೆ ಇಲ್ಲ. ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು) ಮುಟ್ಟಿಲ್ಲ. ಮಾವ ದೋಣಿ ಎಂಜಿನ್ನಿಗೆ ಹಾಕುವ ಟೂಟಿ (2ಟಿ) ಆಯಿಲ್ ಹಾಕುತ್ತಿದ್ದರು, ನಾನೂ ಅದನ್ನೇ ಹಾಕುತ್ತಿದ್ದೇನೆ. ಡಿಸೆಂಬರ್ ಕೊನೆಗೆ ಗಾಡಿಯನ್ನು ಪಿಕಪ್ ಟೆಂಪೋದಲ್ಲಿ ಜೈಸಲ್ಮೇರ್‌ಗೆ ಒಯ್ದು ಮರಳ ದಿಬ್ಬಗಳಲ್ಲಿ ಮೂರು ದಿನ ಓಡಿಸುವ ಆಸೆ. ಗೆಳೆಯರು ಹೇಳುವುದು ಹೀಗೆ: ಏರ್ ಬಾಕ್ಸ್ (ಏರ್ ಫಿಲ್ಟರ್ ಇರುವ ಪೆಟ್ಟಿಗೆ) ಮುಚ್ಚಳ ತೆಗೆ, ಎಕ್ಸ್‌ಪಾನ್ಶನ್ ಚೇಂಬರ್ (ಹೊಟ್ಟೆ ಉಬ್ಬಿದ ರೇಸ್ ಎಕ್ಸಾಸ್ಟ್ ಪೈಪ್) ಹಾಕಿಸು, ಮರುಭೂಮಿ ಬಿಸಿ ಅಲ್ವಾ, ಅದಕ್ಕೆ ಸಣ್ಣ ಜೆಟ್ ಹಾಕು, ಆಯಿಲ್ ದುಪ್ಪಟ್ಟು ಮಾಡು. ನನಗೆ ಇರುವುದು ಒಂದೇ ಭಯ, ಅಲ್ಲಿ ಎಂಜಿನ್ ಸೀಝ್ ಆದರೆ, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡು ನಿಂತರೆ? ಯಾವುದನ್ನು ಮಾಡಿಸಲಿ, ಯಾವುದನ್ನು ಬಿಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚೇಂಬರ್, ಜೆಟ್, ಆಯಿಲ್ ಎಲ್ಲದರ ಬಗ್ಗೆ ಕೇಳಿದ್ದೀರಿ. ಆದರೆ ನನ್ನನ್ನು ತಡೆದು ನಿಲ್ಲಿಸಿದ ಸಾಲು ಬೇರೆ. ಎಕ್ಸಲರೇಟರ್ ಬಿಟ್ಟ ಮೇಲೂ ಸದ್ದು ಇಳಿಯಲು ಎರಡು ಮೂರು ಸೆಕೆಂಡ್ ಬೇಕು ಅಂದಿರಲ್ಲ, ನೀವು ಲೆಕ್ಕಕ್ಕೇ ತೆಗೆದುಕೊಳ್ಳದ ಆ ಸಾಲೇ ನಿಮ್ಮ ಭಯಕ್ಕೆ ಸರಿಯಾದ ಕಾರಣ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎಕ್ಸಲರೇಟರ್ ಬಿಟ್ಟ ಕೂಡಲೇ ಆರ್‌ಪಿಎಂ ದಬಕ್ಕನೆ ಬೀಳಬೇಕು. ಬೀಳದಿದ್ದರೆ ಕೇಬಲ್ ಅಥವಾ ಕಾರ್ಬ್ಯುರೇಟರ್ ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಸಿಕ್ಕಿಕೊಳ್ಳುತ್ತಿರಬಹುದು. ಮೊದಲು ಅದನ್ನು ನೋಡಿ, ಐದು ನಿಮಿಷದ ಕೆಲಸ. ಅದು ಸರಿ ಇದ್ದರೆ ಎಂಜಿನ್ ಎಲ್ಲಿಂದಲೋ ಕಳ್ಳ ಗಾಳಿ ಎಳೆಯುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಆ ಗಾಳಿ ಕಾರ್ಬ್ಯುರೇಟರ್ ದಾಟಿ ಬಂದದ್ದಲ್ಲ. ಅದರ ಜೊತೆ ಪೆಟ್ರೋಲ್ ಇಲ್ಲ, ಆಯಿಲ್ ಇಲ್ಲ, ಫಿಲ್ಟರ್ ಕೂಡ ಇಲ್ಲ. ತೋಟದಲ್ಲಿ ಎರಡನೇ ಗೇರಲ್ಲಿ ಸುತ್ತುವಾಗ ಇದು ಗೊತ್ತಾಗುವುದಿಲ್ಲ. ದಿಬ್ಬ ಹತ್ತುವಾಗ ಹೆಬ್ಬೆರಳಿನ ಎಕ್ಸಲರೇಟರ್ ಪೂರ್ತಿ ಒತ್ತಿ ಇಪ್ಪತ್ತು ಸೆಕೆಂಡ್ ಹಿಡಿದಿರಿ ನೋಡಿ, ಆಗ ಪಿಸ್ಟನ್ ಕರಗುತ್ತದೆ.

ಕಾರಣ ತಿಳಿದರೆ ಉಳಿದದ್ದು ಸುಲಭ. ಫೋರ್ ಸ್ಟ್ರೋಕ್‌ನಲ್ಲಿ ಗಾಳಿ ನೇರ ಸಿಲಿಂಡರ್ ತಲೆಗೆ ಹೋಗುತ್ತದೆ. ಕ್ರ್ಯಾಂಕ್ ಕೆಳಗೆ ತನ್ನ ಪಾಡಿಗೆ ಆಯಿಲ್‌ನಲ್ಲಿ ತಿರುಗುತ್ತಿರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಮೊದಲು ಕ್ರ್ಯಾಂಕ್ ಕೇಸ್‌ಗೆ ಇಳಿದು, ಬೇರಿಂಗ್‌ಗಳನ್ನು ತೋಯಿಸಿ, ಆಮೇಲೆ ಮೇಲೆ ಹೋಗುತ್ತವೆ. ಅಂದರೆ ಒಂದು ಚಿಟಿಕೆ ಮರಳು ಒಳಗೆ ಹೊಕ್ಕರೆ ಅದು ಮೊದಲು ಹೋಗುವುದು ಕನೆಕ್ಟಿಂಗ್ ರಾಡ್‌ನ ಬೇರಿಂಗ್‌ಗೆ. ಆಮೇಲೆ ಪಿಸ್ಟನ್ ಸ್ಕರ್ಟ್‌ಗೆ. ಮರಳು ಹೆಚ್ಚಿನಂಶ ಕ್ವಾರ್ಟ್ಜ್, ಗಡಸುತನದ ಮೋಸ್ ಅಳತೆಯಲ್ಲಿ 7. ಪಿಸ್ಟನ್ನಿನ ಅಲ್ಯುಮಿನಿಯಂ 3ರ ಆಸುಪಾಸು. ಯಾರು ಗೆಲ್ಲುತ್ತಾರೆ ಅಂತ ಹೇಳಬೇಕಿಲ್ಲ.

ನನ್ನ ಬೆಂಚ್ ಮೇಲೆ ಒಂದು ಪಿಸ್ಟನ್ ಇಟ್ಟುಕೊಂಡಿದ್ದೇನೆ, ಗಿರಾಕಿಗಳಿಗೆ ತೋರಿಸಲು. ಎಕ್ಸಾಸ್ಟ್ ಕಡೆ ಫ್ಯಾಕ್ಟರಿಯ ಸಣ್ಣ ಸಣ್ಣ ಅಡ್ಡ ಗೆರೆಗಳು ಇನ್ನೂ ಕಾಣುತ್ತವೆ. ತಿರುಗಿಸಿ ಇನ್‌ಟೇಕ್ ಕಡೆ ನೋಡಿದರೆ ಬೂದು ಬಣ್ಣ, ಹೊಳಪೇ ಇಲ್ಲ. ಮಸಾಲೆ ರುಬ್ಬಿದ ಕಲ್ಲಿನ ಹಾಗೆ. ಉಗುರಿನಲ್ಲಿ ಗೀರಿದರೆ ಉದ್ದುದ್ದ ಗೆರೆಗಳು ತಾಗುತ್ತವೆ. ಅದು ಸೀಝ್ ಆದ ಪಿಸ್ಟನ್ ಅಲ್ಲ. ಅರಂಬೋಲ್ ಹತ್ತಿರ ಒಬ್ಬರು ಖಾಸಗಿ ಜಾಗದ ಮರಳಿನಲ್ಲಿ ಎರಡು ದಿನ ಓಡಿಸಿದ ಗಾಡಿಯದ್ದು. ಫಿಲ್ಟರ್ ಹೊಸದೇ ಇತ್ತು. ಫಿಲ್ಟರ್ ಕೂರುವ ಅಂಚಿಗೆ ಗ್ರೀಸ್ ಹಚ್ಚಿರಲಿಲ್ಲ, ಅಷ್ಟೇ. (ಗೋವಾದ ಬೀಚ್ ಮೇಲೆ ಗಾಡಿ ಇಳಿಸುವುದು ಕಾನೂನಿಗೆ ವಿರುದ್ಧ. ಮಾವನ ಊರಲ್ವಾ ಅಂತ ಅಲ್ಲಿ ಪ್ರಾಕ್ಟೀಸ್ ಮಾಡಲು ಹೋಗಬೇಡಿ.)

ಆದ್ದರಿಂದ ಕೈಯಲ್ಲಿರುವ ದುಡ್ಡನ್ನು ಮೊದಲು ಲೀಕ್ ಟೆಸ್ಟ್‌ಗೆ ಹಾಕಿ. ಇನ್‌ಟೇಕ್ ಬಾಯಿ ಮತ್ತು ಎಕ್ಸಾಸ್ಟ್ ಬಾಯಿ ರಬ್ಬರ್ ಬಿರಡೆಯಿಂದ ಮುಚ್ಚಿ, ಒಳಗೆ 6 ಪಿಎಸ್ಐ ಗಾಳಿ ತುಂಬಿ, ಆರು ನಿಮಿಷ ನಿಲ್ಲುತ್ತದಾ ಅಂತ ನೋಡುವುದು. ನಿಮ್ಮದು ಎರಡು ಸಿಲಿಂಡರ್ ಎಂಜಿನ್. ಎರಡನ್ನೂ ಒಟ್ಟಿಗೆ ಮುಚ್ಚಿ ಟೆಸ್ಟ್ ಮಾಡಿಸಿ, ಇಲ್ಲದಿದ್ದರೆ ನಡುವಿನ ಸೀಲ್‌ನಿಂದ ಗಾಳಿ ಪಕ್ಕದ ಮನೆಗೆ ಹೋಗಿ ದಾರಿ ತಪ್ಪಿಸುತ್ತದೆ. ದೊಡ್ಡ ಉಪಕರಣ ಏನೂ ಬೇಡ. ನಾನು ಬಳಸುವುದು ಹಳೆಯ ಬಿಪಿ ಮಶೀನಿನ ರಬ್ಬರ್ ಬಲ್ಬ್ ಮತ್ತು ಗೇಜ್. ಆ ಗೇಜ್ ಪಾದರಸದ 300 ಮಿಲಿಮೀಟರ್ ತನಕ ಇರುತ್ತದೆ, ಅದು ಸುಮಾರು 5.8 ಪಿಎಸ್ಐ. ಬೇಕಾದಷ್ಟೇ. ಕಂಪ್ರೆಸರ್ ಪೈಪ್ ಮಾತ್ರ ಹಚ್ಚಬೇಡಿ, ಸೀಲ್‌ಗಳು ಹೊರಗೆ ಹಾರುತ್ತವೆ. ಗೇಜ್ ಮುಳ್ಳು ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಕಾರ್ಬ್ಯುರೇಟರ್ ರಬ್ಬರ್ ಬೂಟ್, ರೀಡ್ (ಗಾಳಿಯನ್ನು ಒಳಕ್ಕೆ ಮಾತ್ರ ಬಿಡುವ ಕವಾಟ) ಗ್ಯಾಸ್ಕೆಟ್, ಸಿಲಿಂಡರ್ ಬುಡ, ಮ್ಯಾಗ್ನೆಟ್ ಕಡೆಯ ಕ್ರ್ಯಾಂಕ್ ಸೀಲ್. ರೇಡಿಯೇಟರ್ ಮುಚ್ಚಳ ತೆಗೆದು ಒಳಗೂ ನೋಡಿ, ಅಲ್ಲಿ ಗುಳ್ಳೆ ಬಂದರೆ ಹೆಡ್ ಲೀಕ್. ಕ್ಲಚ್ ಕಡೆಯ ಸೀಲ್ ಹೋಗಿದ್ದರೆ ಸೋಪಿನ ನೀರು ಬೇಕಿಲ್ಲ, ಗೇರ್ ಆಯಿಲ್ ಎಳೆದುಕೊಂಡು ಸುಡುವ ಬಿಳಿ ಹೊಗೆಯೇ ಹೇಳುತ್ತದೆ.

ಗೋವಾದ ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿ. ರಬ್ಬರ್ ಬೂಟನ್ನು ಬಗ್ಗಿಸಿ ನೋಡಿ. ಹೊರಗಿನಿಂದ ಚೆಂದ ಕಾಣುವ ಬೂಟ್ ಬಗ್ಗಿಸಿದಾಗ ಹಪ್ಪಳದಂತೆ ಬಿರುಕು ತೋರಿಸುತ್ತದೆ. ನನ್ನ ಅನುಮಾನ ಅದರ ಮೇಲೆಯೇ.

ಈಗ ಗೆಳೆಯರ ಮಾತಿಗೆ ಬರೋಣ. ‘ಮರುಭೂಮಿ ಬಿಸಿ, ಅದಕ್ಕೆ ಸಣ್ಣ ಜೆಟ್’ ಅನ್ನುವುದು ಅರ್ಧ ಸತ್ಯ. ಬಿಸಿ ಗಾಳಿ ತೆಳು, ಅದಕ್ಕೆ ಪೆಟ್ರೋಲ್ ಕಡಿಮೆ ಸಾಕು, ನಿಜ. ಆದರೆ ನೀವು ಹೋಗುತ್ತಿರುವುದು ಮೇ ತಿಂಗಳಲ್ಲಿ ಅಲ್ಲ. ಡಿಸೆಂಬರ್ ಕೊನೆಯಲ್ಲಿ ಜೈಸಲ್ಮೇರ್‌ನ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಸಾಮಾನ್ಯ. ಬೆಳಿಗ್ಗೆ ಏಳಕ್ಕೆ ಸ್ವೆಟರ್ ಹಾಕಿಕೊಂಡು ಕಿಕ್ ಹೊಡೆಯುತ್ತೀರಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಜೈಸಲ್ಮೇರ್ ಸುಮಾರು 225 ಮೀಟರ್. ಲೆಕ್ಕ ಹಾಕಿ ನೋಡಿ. ಪುಣೆಯ 38 ಡಿಗ್ರಿ ಮಧ್ಯಾಹ್ನಕ್ಕೆ ಹೋಲಿಸಿದರೆ ಅಲ್ಲಿಯ 8 ಡಿಗ್ರಿ ಬೆಳಗಿನ ಗಾಳಿ ಸುಮಾರು 15 ಶೇಕಡ ದಟ್ಟ. ಕಾರ್ಬ್ಯುರೇಟರ್ ಅದರಲ್ಲಿ ಅರ್ಧದಷ್ಟನ್ನು ತಾನೇ ಸರಿದೂಗಿಸುತ್ತದೆ. ಉಳಿದ ಏಳು ಶೇಕಡದಷ್ಟು ನಿಮ್ಮ ಎಂಜಿನ್ ಲೀನ್ ಆಗಿ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲದೆ, ಹೆಚ್ಚು ಕಾದು ಓಡುತ್ತದೆ. ಮಧ್ಯಾಹ್ನ ಗಾಳಿ ಬಿಸಿಯಾದ ಮೇಲೆ ಸ್ವಲ್ಪ ಸುಧಾರಿಸುತ್ತದೆ.

ಇದರ ಮೇಲೆ ನಿಮ್ಮ ಗೆಳೆಯರು ಯಾರೂ ಹೇಳದ ಇನ್ನೊಂದು ವಿಷಯವಿದೆ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ 20 ಶೇಕಡ ಎಥನಾಲ್ ಸೇರಿಸಿದ ಪೆಟ್ರೋಲ್. ಎಥನಾಲ್ ಸುಡಲು ಗಾಳಿ ಕಡಿಮೆ ಬೇಕು. ತಿರುಗಿಸಿ ಹೇಳುವುದಾದರೆ ಅದೇ ಗಾಳಿಗೆ ಇಂಧನ ಜಾಸ್ತಿ ಬೇಕು. ಹಳೆಯ ಪೆಟ್ರೋಲಿಗೆ ಕೂರಿಸಿದ ಜೆಟ್‌ನಲ್ಲಿ ಇ20 ಓಡಿಸಿದರೆ ಮತ್ತೆ ಸುಮಾರು ಏಳು ಶೇಕಡ ಲೀನ್. ನಿಮ್ಮ ಜೆಟ್ ಯಾರೂ ಮುಟ್ಟಿಲ್ಲ ಅಂದಿರಿ. ಹೊಸ ಗಾಡಿಯಾಗಿ ಬಂದಾಗ ಇದ್ದ ಜೆಟ್ ಅದು, ಆಗ ಇ20ರ ಸುದ್ದಿಯೇ ಇರಲಿಲ್ಲ. ಕಂಪನಿಯವರು ಸ್ವಲ್ಪ ರಿಚ್ ಆಗಿಯೇ (ಪೆಟ್ರೋಲ್ ಹೆಚ್ಚು ಹೋಗುವಂತೆ) ಬಿಡುತ್ತಾರೆ, ಅದಕ್ಕೇ ಈವರೆಗೆ ಬಚಾವಾಗಿದ್ದೀರಿ. ಏರ್ ಬಾಕ್ಸ್ ಮುಚ್ಚಳ ತೆಗೆದರೆ ಇನ್ನಷ್ಟು ಲೀನ್. ಚೇಂಬರ್ ಹಾಕಿದರೆ ಇನ್ನೂ. ಎಲ್ಲವೂ ಒಂದೇ ಕಡೆ ಎಳೆಯುತ್ತಿವೆ, ಅಂಥದರಲ್ಲಿ ಜೆಟ್ ಸಣ್ಣದು ಮಾಡು ಅನ್ನುತ್ತಾರೆ!

ನೀವು ಮಾಡಬೇಕಾದದ್ದು ಉಲ್ಟಾ. ಲೀಕ್ ಸರಿಪಡಿಸಿದ ಮೇಲೆ ಮೇನ್ ಜೆಟ್ ಎರಡು ಮೂರು ಸೈಜ್ ದೊಡ್ಡದು ಹಾಕಿ ಶುರು ಮಾಡಿ, ಆಮೇಲೆ ಬೇಕಾದರೆ ಒಂದೊಂದೇ ಇಳಿಸಿ. ಜೈಸಲ್ಮೇರ್‌ಗೆ ಹೋಗುವಾಗ ಮೇಲಿನ ಎರಡು, ಕೆಳಗಿನ ಒಂದು ಸೈಜ್ ಡಬ್ಬಿಯಲ್ಲಿರಲಿ. ಸರಿ ಇದೆಯಾ ಅಂತ ನೋಡಲು ಪ್ಲಗ್ ಹೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಉದ್ದನೆಯ ಜಾಗದಲ್ಲಿ ಪೂರ್ತಿ ಎಕ್ಸಲರೇಟರ್ ಕೊಟ್ಟು ಓಡಿಸಿ, ಅದೇ ವೇಗದಲ್ಲಿ ಕ್ಲಚ್ ಹಿಡಿದು ಸ್ವಿಚ್ ಆಫ್ ಮಾಡಿ. ಆಮೇಲೆ ಪ್ಲಗ್ ಬಿಚ್ಚಿ. ಬಿಳಿ ಇಟ್ಟಿಗೆಯಂತೆ ಒಣಗಿದ್ದರೆ, ಪಿಂಗಾಣಿ ಮೇಲೆ ಮಿಣುಕು ಚುಕ್ಕೆಗಳಿದ್ದರೆ, ಅಲ್ಲೇ ನಿಲ್ಲಿಸಿ. ಆ ಚುಕ್ಕೆಗಳು ನಿಮ್ಮ ಪಿಸ್ಟನ್ನಿನ ಅಲ್ಯುಮಿನಿಯಂ. ಕಾಫಿ ಡಿಕಾಕ್ಷನ್ ಬಣ್ಣವಿದ್ದರೆ ನಿಶ್ಚಿಂತೆ. ಎರಡೂ ಸಿಲಿಂಡರ್‌ಗಳ ಪ್ಲಗ್ ನೋಡಿ, ಒಂದು ಕಂದು ಇನ್ನೊಂದು ಬಿಳಿ ಇದ್ದರೆ ಮತ್ತೆ ಲೀಕ್ ಹುಡುಕಬೇಕು. ಬ್ಯಾನ್ಶೀಗೆ ಕಂಪನಿ ಕೊಟ್ಟದ್ದು ಎನ್‌ಜಿಕೆ 8ನೇ ನಂಬರಿನ ಪ್ಲಗ್. ಮರಳಿನಲ್ಲಿ ಎಂಜಿನ್ ಮೇಲೆ ಲೋಡ್ ಜಾಸ್ತಿ, ಒಂದು ಹೆಜ್ಜೆ ತಣ್ಣನೆಯ 9ನೇ ನಂಬರ್ ಹಾಕಬಹುದು. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣಗೆ, ಇದನ್ನು ಅಂಗಡಿಯವರೇ ಉಲ್ಟಾ ಹೇಳುವುದುಂಟು.

ಆಯಿಲ್ ದುಪ್ಪಟ್ಟು ಮಾಡುವ ಮಾತು. ನಮ್ಮ ಅಪ್ಪಂದಿರು ಚೇತಕ್‌ಗೆ, ಲೂನಾಗೆ ಬಂಕ್‌ನಲ್ಲಿ ಆಯಿಲ್ ಹಾಕಿಸುವಾಗ ‘ಸ್ವಲ್ಪ ಜಾಸ್ತಿನೇ ಹಾಕಪ್ಪ’ ಅನ್ನುತ್ತಿದ್ದರಲ್ಲ, ಅಲ್ಲಿಂದ ಬಂದ ನಂಬಿಕೆ ಇದು. ಜೆಟ್‌ನ ತೂತು ಒಂದೇ ಅಳತೆ. ಅದರಲ್ಲಿ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. 32ಕ್ಕೆ 1 ಇದ್ದದ್ದನ್ನು 16ಕ್ಕೆ 1 ಮಾಡಿದರೆ ಸುಮಾರು ಮೂರು ಶೇಕಡ ಲೀನ್ ಮಾಡಿದಂತೆ. ಜೊತೆಗೆ ಪ್ಲಗ್ ಕಪ್ಪಾಗಿ, ಎಕ್ಸಾಸ್ಟ್ ಪೋರ್ಟ್‌ನಲ್ಲಿ ಕಾರ್ಬನ್ ಕಟ್ಟುತ್ತದೆ. ಬ್ಯಾನ್ಶೀಯಲ್ಲಿ ಆಯಿಲ್ ಪಂಪ್ ಇಲ್ಲ, ಟ್ಯಾಂಕಿನಲ್ಲೇ ಬೆರೆಸಬೇಕು. ಹೀಗಾಗಿ ಅಳತೆ ಮುಖ್ಯ. ನಾನು ಮರಳಿಗೆ 32ಕ್ಕೆ 1ಕ್ಕಿಂತ ತೆಳು ಮಾಡುವುದಿಲ್ಲ, 24ಕ್ಕೆ 1ಕ್ಕಿಂತ ದಪ್ಪವನ್ನೂ ಮಾಡುವುದಿಲ್ಲ. 5 ಲೀಟರ್ ಪೆಟ್ರೋಲಿಗೆ 32ರ ಲೆಕ್ಕದಲ್ಲಿ 156 ಎಂ.ಎಲ್. ಮಕ್ಕಳ ಔಷಧಿಯ ಸಿರಿಂಜ್ ಇಟ್ಟುಕೊಳ್ಳಿ, ಬಾಟಲಿ ಮುಚ್ಚಳದಲ್ಲಿ ಅಂದಾಜು ಬೇಡ. ಜೆಟ್ಟಿಂಗ್ ಒಂದು ಅಳತೆಯಲ್ಲಿ ಮಾಡಿ, ಓಡಿಸುವಾಗ ಇನ್ನೊಂದು ಅಳತೆ ಬೆರೆಸಿದರೆ ಮಾಡಿದ್ದೆಲ್ಲ ವ್ಯರ್ಥ.

ಮಾವನ ದೋಣಿ ಆಯಿಲ್ ಬಿಟ್ಟುಬಿಡಿ. ಟಿಸಿಡಬ್ಲ್ಯು3 ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಆಯಿಲ್ ಕೆಟ್ಟದ್ದಲ್ಲ, ಸಮುದ್ರದ ತಣ್ಣೀರು ಸುತ್ತುತ್ತಲೇ ಇರುವ ಔಟ್‌ಬೋರ್ಡ್ ಮೋಟರಿಗಾಗಿ ಮಾಡಿದ್ದು. ನಿಮ್ಮ ಎಂಜಿನ್ ಬಿಸಿಯೂ ಹೆಚ್ಚು, ವೇಗವೂ ಹೆಚ್ಚು. ಜಾಸೋ ಎಫ್‌ಡಿ ದರ್ಜೆಯ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಯಾವುದಾದರೂ ಸರಿ. ಇ20 ಬೆರೆಸಿಟ್ಟ ಕ್ಯಾನ್ ತಿಂಗಳುಗಟ್ಟಲೆ ಇಡಬೇಡಿ, ಎಥನಾಲ್ ಗಾಳಿಯ ತೇವ ಎಳೆಯುತ್ತದೆ. ಆಯಾ ದಿನಕ್ಕೆ ಆಯಾ ದಿನವೇ ಬೆರೆಸಿ.

ಫಿಲ್ಟರ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಏರ್ ಬಾಕ್ಸ್ ಮುಚ್ಚಳ ತೆಗೆಯಬೇಡಿ. ಅದರಿಂದ ಸಿಗುವ ಪವರ್ ನಿಮಗೆ ಗೊತ್ತೂ ಆಗುವುದಿಲ್ಲ, ಮುಂದಿನ ಗಾಡಿಯ ಹಿಂಚಕ್ರ ಎರಚಿದ ಮರಳು ಮಾತ್ರ ನೇರ ಒಳಗೆ. ಎಣ್ಣೆ ಹಚ್ಚುವ ಸ್ಪಂಜಿನ ಎರಡು ಪದರದ ಫಿಲ್ಟರ್ ಹಾಕಿ, ಮೇಲೆ ಬಟ್ಟೆಯ ಚೀಲ ತೊಡಿಸಿ. ಮೂರು ಫಿಲ್ಟರ್ ಇರಲಿ, ದಿನಕ್ಕೊಂದು. ಮೊದಲೇ ಮನೆಯಲ್ಲಿ ಎಣ್ಣೆ ಹಚ್ಚಿ ಜಿಪ್ ಚೀಲದಲ್ಲಿ ಕಟ್ಟಿಕೊಳ್ಳಿ, ಮರಳಿನಲ್ಲಿ ಕೂತು ಫಿಲ್ಟರ್ ತೊಳೆಯುವುದು ಆಗದ ಮಾತು. ತೊಳೆಯುವುದು ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನ ನೀರಿನಲ್ಲಿ. ಪೆಟ್ರೋಲಿನಲ್ಲಿ ತೊಳೆದರೆ ಅಂಟು ಬಿಡುತ್ತದೆ. ಅದುಮಿ ಹಿಂಡಿ, ಬಟ್ಟೆಯಂತೆ ತಿರುಚಬೇಡಿ.

ಫಿಲ್ಟರ್ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಒಂದು ಉಪಾಯ. ಫಿಲ್ಟರಿನ ಆಚೆ, ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಒಳಗೆ, ಬೆರಳಲ್ಲಿ ತೆಳುವಾಗಿ ಗ್ರೀಸ್ ಸವರಿ. ಸಂಜೆ ಫಿಲ್ಟರ್ ತೆಗೆದು ಅದೇ ಗ್ರೀಸ್ ಮೇಲೆ ಬೆರಳಾಡಿಸಿ. ನುಣ್ಣಗಿದ್ದರೆ ಊಟಕ್ಕೆ ಹೋಗಿ. ಚಿರೋಟಿ ರವೆ ತಾಗಿದ ಹಾಗಾದರೆ ಮರುದಿನ ಗಾಡಿ ಸ್ಟಾರ್ಟ್ ಮಾಡಬೇಡಿ, ಎಲ್ಲಿಂದ ಬಂತು ಅಂತ ಮೊದಲು ಹುಡುಕಿ.

ಇನ್ನು ಚೇಂಬರ್. ಟೂ ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಪೈಪಿನ ಹೊಟ್ಟೆ ಸುಮ್ನೆ ಚಂದಕ್ಕೆ ಇಲ್ಲ. ಸದ್ದಿನ ಅಲೆ ಅದರ ಕೊನೆಗೆ ಬಡಿದು ಹಿಂದಕ್ಕೆ ಬಂದು, ಹೊರಗೆ ಸೋರಿದ ಹಸಿ ಪೆಟ್ರೋಲನ್ನು ಸಿಲಿಂಡರಿಗೆ ವಾಪಸ್ ತಳ್ಳುತ್ತದೆ. ಪೈಪ್ ಬದಲಿಸಿದರೆ ಇದು ಯಾವ ಆರ್‌ಪಿಎಂನಲ್ಲಿ ಆಗಬೇಕು ಅನ್ನುವುದು ಬದಲಾಗುತ್ತದೆ. ಹೆಚ್ಚಿನ ರೇಸ್ ಪೈಪ್‌ಗಳು ಪವರನ್ನು ಮೇಲಕ್ಕೆ ಒಯ್ಯುತ್ತವೆ, ಕೆಳಗೆ ಎಂಜಿನ್ ಮಂಕಾಗುತ್ತದೆ. ಮೆತ್ತನೆಯ ಮರಳಿನಲ್ಲಿ ಹೊಸಬರಿಗೆ ಇದು ಕಷ್ಟ, ಗೇರ್ ಒಂದು ತಪ್ಪಿದರೆ ಅಲ್ಲೇ ಹೂತುಹೋಗುತ್ತೀರಿ. ಅದೇ ಹಣಕ್ಕೆ ಹಿಂಚಕ್ರಗಳಿಗೆ ಎರಡು ಪ್ಯಾಡಲ್ ಟೈರ್ (ಮರಳು ತೋಡುವ ಹುಟ್ಟಿನಂಥ ಅಡ್ಡಪಟ್ಟಿಗಳಿರುವ ಟೈರ್) ಸಿಕ್ಕರೆ ವ್ಯತ್ಯಾಸ ಮೊದಲ ದಿಬ್ಬದಲ್ಲೇ ಗೊತ್ತಾಗುತ್ತದೆ. ಪ್ಯಾಡಲ್ ಎಂಜಿನ್ನಿಗೂ ಕ್ಲಚ್‌ಗೂ ಭಾರ, ಅದಕ್ಕೆ ಮುಂದಿನ ಸ್ಪ್ರಾಕೆಟ್ 14 ಹಲ್ಲಿನ ಬದಲು 13 ಹಾಕಿ. ಪ್ಯಾಡಲ್ ಸಿಗದಿದ್ದರೆ ಇರುವ ಟೈರಿನ ಗಾಳಿ 3ರಿಂದ 4 ಪಿಎಸ್ಐಗೆ ಇಳಿಸಿ. ಪಂಕ್ಚರ್ ಅಂಗಡಿಯ ಗೇಜ್‌ನಲ್ಲಿ ಆ ಅಂಕಿ ಕಾಣುವುದೇ ಇಲ್ಲ, ಅವರು ಕಾರಿಗೆ ಹಾಕಿದಂತೆ 30 ತುಂಬಿ ಕಳಿಸುತ್ತಾರೆ. ಸಣ್ಣ ಅಳತೆಯ ಗೇಜ್ ನೀವೇ ಇಟ್ಟುಕೊಳ್ಳಿ.

ಬೋರ್ ದೊಡ್ಡದು ಮಾಡಿಸುವುದು, ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಕೊರೆಸುವುದು ಈ ಸಲ ಬೇಡ. ಆದರೆ ಕಂಪ್ರೆಶನ್ ನೋಡಿಸಿ. ಎರಡು ಸಿಲಿಂಡರ್ ನಡುವೆ 10 ಶೇಕಡಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಿಚ್ಚಲೇಬೇಕು. ಆಗ ಪುಣೆಯ ನಾನಾ ಪೇಠೆಯಲ್ಲಿ ಯಾರಾದರೂ ‘ರಾಜದೂತ್ 350 ಪಿಸ್ಟನ್ ಕೂರುತ್ತೆ, ಅದೂ 64, ಇದೂ 64’ ಅಂತ ಹೇಳುವ ಸಾಧ್ಯತೆ ಇದೆ. ಬೋರ್ (ಸಿಲಿಂಡರಿನ ಅಗಲ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 54 ಮಿ.ಮೀ., ಎರಡೂ 347 ಸಿಸಿ, ಅಂಕಿಗಳು ಒಂದೇ. ಆದರೆ ರಾಜದೂತ್ ಗಾಳಿಯಿಂದ ತಣ್ಣಗಾಗುವ ಎಂಜಿನ್, ಬ್ಯಾನ್ಶೀ ನೀರಿನಿಂದ. ಅಂಕಿ ಒಂದೇ ಎಂದು ಪಿಸ್ಟನ್ ಒಂದೇ ಆಗುವುದಿಲ್ಲ. ಬ್ಯಾನ್ಶೀಯದ್ದೇ ತರಿಸಿ, ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಗ್ಯಾಪ್ ಆ ಪಿಸ್ಟನ್ ಡಬ್ಬಿಯಲ್ಲಿ ಬರೆದಷ್ಟೇ ಇಡಿಸಿ. ಬೋರ್ ಆದ ಮೇಲೆ ಪೋರ್ಟ್ ಅಂಚುಗಳನ್ನು ಮೊಂಡು ಮಾಡಿದ್ದಾರಾ ಅಂತ ಬೆರಳು ಹಾಕಿ ನೋಡಿ. ನಾನು ಕೆಲಸ ಕಲಿಯುವಾಗ ನನ್ನದೇ ಆರ್‌ಎಕ್ಸ್ 100 ಬೋರ್ ಮಾಡಿಸಿದ್ದೆ. ಲೇತ್‌ನವರು ಅಂಚು ಚೂಪಾಗಿಯೇ ಬಿಟ್ಟಿದ್ದರು, ನಾನೂ ನೋಡಲಿಲ್ಲ. ಖಂಬಾಟ್ಕಿ ಘಾಟ್‌ ಏರುವಾಗ ರಿಂಗ್ ಸಿಕ್ಕಿ ತುಂಡಾಯಿತು. ಲಾರಿಯಲ್ಲಿ ಬೈಕ್ ಹಾಕಿಕೊಂಡು ಬಂದೆ.

ಬೆಳಗಿನ ಚಳಿಯಲ್ಲಿ ಇನ್ನೊಂದು ಅಪಾಯ ಇದೆ, ಇದಕ್ಕೂ ಲೀನ್‌ಗೂ ಸಂಬಂಧ ಇಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ರಿಂಯ್ ಎಂದು ಏರಿಸಿದರೆ ಪಿಸ್ಟನ್ನಿನ ಅಲ್ಯುಮಿನಿಯಂ ಬೇಗ ಹಿಗ್ಗುತ್ತದೆ, ಸುತ್ತಲಿನ ಕಬ್ಬಿಣದ ಲೈನರ್ ಇನ್ನೂ ತಣ್ಣಗೇ ಇರುತ್ತದೆ. ಪಿಸ್ಟನ್ ನಾಲ್ಕು ಮೂಲೆಯಲ್ಲಿ ಹಿಡಿಯುತ್ತದೆ. ಸಿಲಿಂಡರ್ ಮೇಲೆ ಅಂಗೈ ಇಡಿ, ಬೆಚ್ಚಗಾದ ಮೇಲೆ ಹೊರಡಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ, ಕೂಲೆಂಟ್ ಹಾಕಿ. ಇದಕ್ಕೆ ಫ್ಯಾನ್ ಇಲ್ಲ, ಗಾಳಿ ಹಿಂದಿನಿಂದ ಬೀಸುವಾಗ ನಿಧಾನಕ್ಕೆ ಓಡಿಸಿದರೆ ಬೇಗ ಕುದಿಯುತ್ತದೆ.

ಕಾರ್ಬ್ಯುರೇಟರ್ ಮೇಲೆ ಟಾರ್ಸ್ ಎಂಬ ಪೆಟ್ಟಿಗೆ ಇದೆ. ಎಕ್ಸಲರೇಟರ್ ಬಿಟ್ಟರೂ ಸ್ಲೈಡ್ ಕೆಳಗೆ ಬರದಿದ್ದರೆ ಅದು ಕಿಡಿ ಕತ್ತರಿಸುತ್ತದೆ. ಹಳೆಯದಾದರೆ ಸುಮ್ಮಸುಮ್ಮನೆ ಕತ್ತರಿಸಿ ಕಾಟ ಕೊಡುತ್ತದೆ, ಅದಕ್ಕೆ ಎಲ್ಲರೂ ಕಿತ್ತು ಎಸೆಯುತ್ತಾರೆ. ಕೀಳಲೇಬೇಕಾದರೆ ಕೈಗೆ ದಾರ ಕಟ್ಟಿಕೊಳ್ಳುವ ಕಿಲ್ ಸ್ವಿಚ್ ಹಾಕಿಸಿಕೊಂಡೇ ಕೀಳಿ. ಮರಳ ಕಣ ಸ್ಲೈಡ್‌ನಲ್ಲಿ ಸಿಕ್ಕಿ ಎಕ್ಸಲರೇಟರ್ ತೆರೆದೇ ಉಳಿದರೆ, ನೀವು ಬಿದ್ದ ಮೇಲೂ ಗಾಡಿ ಮುಂದೆ ಯಾರ ಕಡೆ ಹೋಗುತ್ತದೆ ಹೇಳಲಾಗದು. ಉದ್ದ ಕೋಲಿಗೆ ಕಿತ್ತಳೆ ಬಾವುಟವನ್ನೂ ಕಟ್ಟಿ, ದಿಬ್ಬದ ಆಚೆ ಇರುವವರಿಗೆ ಮೊದಲು ಕಾಣುವುದು ಅದೇ.

ಚೈನಿಗೆ ಅಲ್ಲಿ ಎಣ್ಣೆ ಸುರಿಯಬೇಡಿ, ಎಣ್ಣೆಗೆ ಮರಳು ಅಂಟಿ ಅರೆಯುತ್ತದೆ. ಟೆಂಪೋಗೆ ಹತ್ತಿಸುವಾಗ ಪೆಟ್ರೋಲ್ ಕಾಕ್ ಬಂದ್ ಮಾಡಿ, ಇಲ್ಲದಿದ್ದರೆ ಸಾವಿರಕ್ಕೂ ಹೆಚ್ಚು ಕಿ.ಮೀ. ಕುಲುಕಾಟದಲ್ಲಿ ಕ್ರ್ಯಾಂಕ್ ಕೇಸ್‌ಗೆ ಪೆಟ್ರೋಲ್ ಇಳಿದಿರುತ್ತದೆ. ರಸ್ತೆಗೆ ಇಳಿಸಬೇಡಿ, ಇದಕ್ಕೆ ನೋಂದಣಿ ಇಲ್ಲ. ಸಮ್ ದಿಬ್ಬಗಳ ಸುತ್ತಮುತ್ತ ಡೆಸರ್ಟ್ ನ್ಯಾಷನಲ್ ಪಾರ್ಕ್ ಪ್ರದೇಶವಿದೆ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಕೊನೆಯ ನೆಲೆಗಳಲ್ಲಿ ಒಂದು. ನಮ್ಮ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದ ಹಕ್ಕಿಯೇ ಅದು. ಎಲ್ಲಿ ಓಡಿಸಲು ಅನುಮತಿ ಇದೆ ಎಂದು ಸ್ಥಳೀಯರನ್ನು, ಅರಣ್ಯ ಇಲಾಖೆಯನ್ನು ಕೇಳಿಯೇ ಇಳಿಯಿರಿ.

ಲೀಕ್ ಟೆಸ್ಟ್ ಆದ ಮೇಲೆ ಆರು ನಿಮಿಷಕ್ಕೆ ಗೇಜ್ ಎಷ್ಟು ಇಳಿಯಿತು ಎಂದು ಬರೆಯಿರಿ. ಜೊತೆಗೆ ಈಗ ಇರುವ ಮೇನ್ ಜೆಟ್ ಮೇಲಿನ ನಂಬರ್, ಎರಡೂ ಕಾರ್ಬ್ಯುರೇಟರಿನದ್ದು. ರೀಡ್ ಬಿಚ್ಚಿದಾಗ ಟಾರ್ಚ್ ಹಿಡಿದು ಪಿಸ್ಟನ್ನಿನ ಇನ್‌ಟೇಕ್ ಕಡೆಯ ಫೋಟೊ ತೆಗೆದು ಕಳಿಸಿ. ಅದು ಬೂದಾಗಿದ್ದರೆ ಟೆಂಪೋ ಬುಕ್ ಮಾಡುವುದು ಸ್ವಲ್ಪ ತಡೆಯಿರಿ.